ಬೀಗ, ಬಾಗಿಲು, 600 ಸೆಕೆಂಡು: ಒಂದು ಕಿರುನಾಟಕದ ತಾಲೀಮು ದಾಖಲೆ

ಕಿರುನಾಟಕ ಹಬ್ಬದ ನಿಯಮ ಮೂರೇ. ನಾಟಕ 10 ನಿಮಿಷ ಮೀರಬಾರದು, ಮೀರಿದರೆ ದೀಪ ಆರುತ್ತದೆ. ಹಿಂದಿನ ತಂಡ ಇಳಿದು ಮುಂದಿನ ತಂಡ ಹತ್ತಲು 2 ನಿಮಿಷ. ದೀಪಗಳನ್ನು ಎಲ್ಲ ತಂಡಗಳಿಗೂ ಸೇರಿಸಿ ಒಂದೇ ಸಲ ಕಟ್ಟಿರುತ್ತಾರೆ, ಯಾರಿಗೋಸ್ಕರವೂ ಅಲುಗಿಸುವುದಿಲ್ಲ. 2002ರಲ್ಲಿ ಸಿಡ್ನಿಯಲ್ಲಿ ಶುರುವಾದ ಶಾರ್ಟ್ ಅಂಡ್ ಸ್ವೀಟ್ ಉತ್ಸವ ಈ ಹತ್ತು ನಿಮಿಷದ ಅಳತೆಯನ್ನು ಬೇರೆ ಬೇರೆ ದೇಶಗಳಿಗೆ ಒಯ್ದಿತು. ನಮ್ಮ ಕಡೆಯ ಸಣ್ಣ ಹಬ್ಬಗಳಿಗೂ ಅದೇ ಅಳತೆ.

ಇಲ್ಲಿರುವುದು ಅಂಥ ಒಂದು ನಾಟಕದ 18 ದಿನಗಳ ಕೆಲಸ. ದಿನಕ್ಕೆ ಎರಡು ತಾಸಿನಂತೆ 36 ತಾಸು. ತಾಲೀಮು ದಾವಣಗೆರೆಯಲ್ಲಿ, ಪ್ರದರ್ಶನ ಚಿತ್ರದುರ್ಗದಲ್ಲಿ, ನಡುವೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ನಟರು ಇಬ್ಬರು, ಅಕ್ಕ ಮತ್ತು ತಮ್ಮ. ಅಪ್ಪ ನಡೆಸುತ್ತಿದ್ದ ಮಂಡಕ್ಕಿ ಭಟ್ಟಿಗೆ ಗಿರಾಕಿ ಬಂದಿದೆ, ಮಾರುವ ಮುಂಚೆ ಒಮ್ಮೆ ತೆರೆದು ನೋಡಬೇಕು, ಬೀಗ ತೆರೆಯುತ್ತಿಲ್ಲ. ಕೊನೆಗೆ ಬೀಗ ತೆರೆಯುತ್ತದೆ, ಅಕ್ಕ ಬಾಗಿಲು ತಳ್ಳುವುದಿಲ್ಲ. ಇಷ್ಟೇ ಕತೆ. ವೇದಿಕೆಯ ಮೇಲೆ ಒಂದು ಬಾಗಿಲು, ಒಂದು ಬೀಗ, ಒಂದು ಚೀಲ ಮಂಡಕ್ಕಿ.

ದಿನ 1

ಓದು. 870 ಪದ, 94 ಮಾತು. ಗಡಿಯಾರ ಹಿಡಿದು ಓದಿದಾಗ 8:42, ಅಂದರೆ ನಿಮಿಷಕ್ಕೆ 100 ಪದ. ಈ ಅಂಕಿ ನಂಬಿ ಕುಳಿತ ತಂಡಗಳೇ ವೇದಿಕೆಯ ಮೇಲೆ ಕತ್ತಲಲ್ಲಿ ಮಾತು ಮುಗಿಸುವುದು. ಕುಳಿತು ಓದುವಾಗ ಯಾರೂ ನಡೆಯುವುದಿಲ್ಲ, ಬೀಗಕ್ಕೆ ಕೈ ಹಾಕುವುದಿಲ್ಲ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಕಣ್ಣು ತನ್ನ ಸಾಲಿಗೆ ಹೋಗಿರುತ್ತದೆ. ‘ಪುಟಕ್ಕೊಂದು ನಿಮಿಷ’ ಎಂಬ ಲೆಕ್ಕವೂ ಕನ್ನಡಕ್ಕೆ ಹೊಂದುವುದಿಲ್ಲ. ‘ತೆರೆಯೋಕಾಗ್ತಿಲ್ವಲ್ಲ’ ಎಂಬುದು ಎಣಿಕೆಯಲ್ಲಿ ಒಂದು ಪದ, ಬಾಯಲ್ಲಿ ನಾಲ್ಕರಷ್ಟು.

ಇನ್ನೊಂದು ತೊಡಕೂ ಓದಿನಲ್ಲೇ ಸಿಕ್ಕಿತು. ಅಕ್ಕನ ಬಾಯಲ್ಲಿ ‘ಐತಿ’, ತಮ್ಮನ ಬಾಯಲ್ಲಿ ‘ಐತೆ’. ಒಂದೇ ಮನೆಯಲ್ಲಿ ಹುಟ್ಟಿದವರು ಎರಡು ಊರಿನ ಮಾತಾಡಿದರೆ ಸಭೆಗೆ ಏನು ತಪ್ಪಿದೆ ಎಂದು ಹೇಳಲು ಬಾರದಿದ್ದರೂ ನಂಬಿಕೆ ಹೋಗುತ್ತದೆ. ‘ಐತಿ’ ಉಳಿಯಿತು. ಪಠ್ಯದಲ್ಲಿದ್ದ ‘ಬೀಗ’ ಹೋಗಿ ಮಾತಿನಲ್ಲೆಲ್ಲ ‘ಕೀಲಿ’ ಬಂತು. ಭಟ್ಟಿ ನಡೆಸಿದ ಮನೆಯವರು ‘ಕೀಲಿ ಹಾಕಿ ಬಾ’ ಅಂದಾರೇ ಹೊರತು ‘ಬೀಗ ಹಾಕಿ ಬಾ’ ಅನ್ನಲಾರರು.

ದಿನ 2ರಿಂದ 4

ಎದ್ದು ನಿಂತು ಮಾಡಿದ್ದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲ ಜಾಗ, ಬಾಗಿಲಿಗೆ ಬದಲು ಒಂದು ಕುರ್ಚಿ. ನಾಲ್ಕನೇ ದಿನ ಮೊದಲ ಪೂರ್ತಿ ಓಟ, ಅಂದರೆ ಎಲ್ಲೂ ನಿಲ್ಲಿಸದೆ ಕೊನೆಯವರೆಗೆ ಆಡಿದ್ದು: 12:50. ಓದಿಗಿಂತ 248 ಸೆಕೆಂಡು ಜಾಸ್ತಿ.

ಇಂಥ ಹೊತ್ತಲ್ಲಿ ‘ಬೇಗ ಬೇಗ ಮಾತಾಡಿ’ ಎನ್ನುವುದು ನಿರ್ದೇಶಕರ ಚಟ. ಅದರಿಂದ ಉಳಿಯುವುದು ಹೆಚ್ಚೆಂದರೆ ಅರ್ಧ ನಿಮಿಷ, ಕೆಡುವುದು ಇಡೀ ನಾಟಕ. ಮೊದಲು ಸಮಯ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಕೇಳುತ್ತಾ ಪ್ರತಿ ಮಾತಿನ ಮುಂದಿನ ಖಾಲಿ ಜಾಗ ಅಳೆದು ಬರೆದದ್ದು ಹೀಗಿದೆ. ಮಾತು ಮಾತಿನ ನಡುವಿನ ಬಿಡುವು ಸರಾಸರಿ ಒಂದೂವರೆ ಸೆಕೆಂಡು, 94 ಮಾತಿಗೆ 141 ಸೆಕೆಂಡು. ಅಕ್ಕ ಗೊಂಚಲಿನಲ್ಲಿ ಸರಿಯಾದ ಕೀಲಿಕೈ ಹುಡುಕುವುದು 70. ಶುರುವಿನಲ್ಲಿ ಇಬ್ಬರೂ ನಡೆದು ಬಂದು ನಿಲ್ಲುವುದು 37. ಕೂಡಿದರೆ ಸರಿಯಾಗಿ 248. ಮಾತಿನ ವೇಗದಲ್ಲಿ ಒಂದು ಸೆಕೆಂಡೂ ಹೋಗಿಲ್ಲ.

ಆದ್ದರಿಂದ ಮುಂದಿನ ಎರಡು ವಾರ ಯಾರೂ ಬೇಗ ಮಾತಾಡಲಿಲ್ಲ.

ದಿನ 5, 6: ಬಾಗಿಲು

ಕುರ್ಚಿ ಇಟ್ಟುಕೊಂಡು ಮಾಡಿದ ತಾಲೀಮು ಕೈಗೆ ಸುಳ್ಳು ಕಲಿಸುತ್ತದೆ. ಬೀಗ ಇರಬೇಕಾದ್ದು ನೆಲದಿಂದ 3 ಅಡಿ 4 ಅಂಗುಲ ಮೇಲೆ. ಕುರ್ಚಿ ಮುಂದೆ ನಟರ ಕೈ ಎರಡೂವರೆ ಅಡಿಗೆ ಇಳಿದು, ಬೆನ್ನು ಬಾಗಿ, ಮುಖ ಸಭೆಗೆ ಕಾಣದಂತಾಗಿತ್ತು. ಆರನೇ ದಿನಕ್ಕೆ ನಿಜವಾದ ಬಾಗಿಲು ಬರಲೇಬೇಕಿತ್ತು.

ಬೇಕಾದ ಗುಣ ನಾಲ್ಕು: ತಾನೇ ನಿಲ್ಲಬೇಕು, ತೆರೆದು ಹಾಕಿದಾಗ ನಡುಗಬಾರದು, ಇಬ್ಬರು ಎತ್ತುವಂತಿರಬೇಕು, ಒಂದು ನಿಮಿಷದೊಳಗೆ ಏಳಬೇಕು. ಕಬ್ಬಿಣದ ಚೌಕ ಪೈಪು ಗಟ್ಟಿ, ಆದರೆ ವೆಲ್ಡಿಂಗ್ ಆದಮೇಲೆ ಅರ್ಧ ಅಂಗುಲ ಬದಲಿಸಬೇಕೆಂದರೂ ಮತ್ತೆ ಅಂಗಡಿಗೇ ಹೊರಬೇಕು. ಅದಕ್ಕೇ ಸಿಲ್ವರ್ ಓಕ್ ಮರದ ರೀಪರು, ಅಂದರೆ ಉದ್ದ ಪಟ್ಟಿ, 2 ಅಂಗುಲ ಅಗಲ 1 ಅಂಗುಲ ದಪ್ಪದ್ದು. 8 ಅಡಿಯವು 9 ಸಾಕು. ಹಸಿ ರೀಪರು ತರಬಾರದು. ಉದ್ದಕ್ಕೆ ಕಣ್ಣು ಹಾಯಿಸಿ ನೋಡಿ ನೆಟ್ಟಗಿರುವುದನ್ನೇ ಆರಿಸಬೇಕು, ಹಸಿಯದು ವಾರದಲ್ಲಿ ತಿರುಚಿಕೊಂಡು ಬಾಗಿಲು ಕಚ್ಚಿಕೊಳ್ಳುತ್ತದೆ.

ಚೌಕಟ್ಟಿನ ಎತ್ತರ 6 ಅಡಿ 6 ಅಂಗುಲ, ಹೊರ ಅಗಲ 3 ಅಡಿ. ಕೆಳಗೆ ಮರದ ಹೊಸ್ತಿಲು ಬೇಡ, ಎಡವುತ್ತಾರೆ. ಅದರ ಬದಲು 1 ಅಂಗುಲ ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ಎರಡೂ ಕಾಲುಗಳ ತಳಕ್ಕೆ ಸ್ಕ್ರೂ ಮಾಡಿದರೆ ಕಾಲು ಅಗಲವಾಗುವುದಿಲ್ಲ, ಪಾದಕ್ಕೂ ಸಿಗುವುದಿಲ್ಲ. ಅಂಚನ್ನು ಅರದಿಂದ ಉಜ್ಜಲೇಬೇಕು, ನಟರು ಬರಿಗಾಲಲ್ಲಿರುತ್ತಾರೆ. ಬಾಗಿಲ ರೆಕ್ಕೆ 6 ಅಡಿ 2 ಅಂಗುಲಕ್ಕೆ 2 ಅಡಿ 6 ಅಂಗುಲ: ಎರಡು ನಿಲುವು, ಮೂರು ಅಡ್ಡ, ಒಳಗೆ ಕಾಲಂಗುಲ ದಪ್ಪದ, 2 ಅಂಗುಲ ಅಗಲದ ಪಟ್ಟಿ 8, ನಡುವೆ ಒಂದೊಂದು ಅಂಗುಲ ಸಂದು. ಪ್ಲೈವುಡ್ ಹಾಳೆ ಹೊಡೆದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಹಾಗೆ ಮಾಡದ್ದಕ್ಕೆ ಕಾರಣ ಗಾಳಿ, ಅದು 18ನೇ ದಿನದಲ್ಲಿದೆ.

ಬೆನ್ನಿಗೆ ಎರಡು ತ್ರಿಕೋನ. ನಿಲುವು 4 ಅಡಿ, ಕಾಲು 2 ಅಡಿ 3 ಅಂಗುಲ, ಓರೆ 4 ಅಡಿ 7 ಅಂಗುಲ. ಕಾಲಿನ ಉದ್ದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಬಾಗಿಲು ಹಾಕಿದಾಗಲೆಲ್ಲ ಚೌಕಟ್ಟು ತಲೆಯಾಡಿಸುತ್ತದೆ. ಮೊದಲು 1 ಅಡಿ 6 ಅಂಗುಲದ ಕಾಲು ಹಾಕಿ ನೋಡಿದ್ದಾಯಿತು, ತಲೆಯಾಡಿಸಿತು, ಕಿತ್ತು ಹೊಸದು ಹಾಕಿದ್ದಾಯಿತು. ತ್ರಿಕೋನಗಳು ಚೌಕಟ್ಟಿಗೆ ಹಿಂಜಿನಲ್ಲಿ ಸೇರಿ ಪುಸ್ತಕದ ಹಾಳೆಯಂತೆ ಮಡಚಿಕೊಳ್ಳುತ್ತವೆ. ರೆಕ್ಕೆ ಮಾತ್ರ ಪೂರ್ತಿ ಕಳಚಬೇಕು, ಅದಕ್ಕೆ 3 ಅಂಗುಲದ ಹಿಂಜು ಮೂರು.

ಮೂಲೆಗಳಿಗೆ ಬರೀ ಮೊಳೆ ಹೊಡೆದರೆ ನಾಲ್ಕನೇ ಓಟಕ್ಕೆ ಸಡಿಲ. ಫೆವಿಕಾಲ್ ಹಚ್ಚಿ, ಒಂದೂವರೆ ಅಂಗುಲದ ಸ್ಕ್ರೂ ಎರಡೆರಡು ಹಾಕಿ, ಒಳಮೂಲೆಗೆ ಪ್ಲೈವುಡ್ಡಿನ ತ್ರಿಕೋನ ತುಂಡು ಬಡಿಯಬೇಕು. ಒಂದು ರಾತ್ರಿ ಒಣಗಬೇಕು. ಸ್ಕ್ರೂಗೆ ಮುಂಚೆ ಸಣ್ಣ ತೂತು ಕೊರೆಯದಿದ್ದರೆ ರೀಪರಿನ ತುದಿ ಸೀಳುತ್ತದೆ. ಎರಡು ಸೀಳಿದವು.

ಬಣ್ಣ: ಕೆಮ್ಮಣ್ಣು 250 ಗ್ರಾಂ, ಫೆವಿಕಾಲ್ 100 ಗ್ರಾಂ, ನೀರು 1 ಲೀಟರ್. ಮೇಲೆ ಅಲ್ಲಲ್ಲಿ ಹೊಗೆಮಸಿ, ಭಟ್ಟಿಯ ಬಾಗಿಲು ಕೆಂಪಗೆ ಫಳಫಳ ಇರುವುದಿಲ್ಲವಲ್ಲ. ಆಯಿಲ್ ಪೇಂಟ್ ದೀಪಕ್ಕೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ಮೊದಲ ಕಲಸಿನಲ್ಲಿ ಫೆವಿಕಾಲ್ 40 ಗ್ರಾಂ ಮಾತ್ರ ಇತ್ತು, ಬಾಗಿಲಿಗೊರಗಿದ ಅಕ್ಕನ ಸೀರೆಗೆಲ್ಲ ಕೆಂಪು. ಒಟ್ಟು ತೂಕ ಸುಮಾರು 18 ಕೆ.ಜಿ.

ತ್ರಿಕೋನಗಳ ಕಾಲಿನ ಮೇಲಿಡುವ ಭಾರಕ್ಕೆ ಹಳೇ ಜೀನ್ಸ್ ಪ್ಯಾಂಟಿನ ಕಾಲುಗಳು. ಒಂದು ತುದಿ ಎರಡು ಹೊಲಿಗೆ ಹಾಕಿ, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ 10 ಕೆ.ಜಿ. ಮರಳು. ಪ್ಲಾಸ್ಟಿಕ್ ಇಲ್ಲದಿದ್ದರೆ ಸಣ್ಣ ಮರಳು ಜೀನ್ಸಿನಿಂದಲೂ ಸೋರುತ್ತದೆ, ಮುಂದಿನ ತಂಡದವರು ಜಾರುತ್ತಾರೆ.

ದಿನ 7: ಬಿಡುವು

ಒಂದೂವರೆ ಸೆಕೆಂಡನ್ನು ಅರ್ಧ ಸೆಕೆಂಡಿಗೆ ತರುವುದು. 94 ಮಾತಿಗೆ ಒಂದೊಂದು ಸೆಕೆಂಡು ಉಳಿದರೆ 94 ಸೆಕೆಂಡು. ಹೇಳುವಷ್ಟು ಸುಲಭವಲ್ಲ, ಯಾಕೆಂದರೆ ಇಲ್ಲಿ ನಟರ ಸೋಮಾರಿತನಕ್ಕಿಂತ ಕನ್ನಡದ ಜೋಡಣೆಯದ್ದೇ ಪಾಲು ಹೆಚ್ಚು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಅಪ್ಪ ಈ ಭಟ್ಟೀನ ನಿನಗೆ ಕೊಡಬೇಕು ಅಂತ’ ಎನ್ನುವವರೆಗೂ ಮುಂದೆ ಬರುವುದು ‘ಅಂದಿದ್ದ’ವೋ ‘ಅಂದಿರಲಿಲ್ಲ’ವೋ ಗೊತ್ತಾಗುವುದಿಲ್ಲ. ಕೇಳುವ ನಟ ಕೊನೆಯ ಪದದವರೆಗೆ ಕಾಯುತ್ತಾನೆ, ಆಮೇಲೆ ಅರ್ಥ ಮಾಡಿಕೊಳ್ಳುತ್ತಾನೆ, ಆಮೇಲೆ ಉಸಿರು ತೆಗೆದುಕೊಳ್ಳುತ್ತಾನೆ, ಆಮೇಲೆ ಮಾತಾಡುತ್ತಾನೆ. ಆ ನಾಲ್ಕು ಸೇರಿ ಒಂದೂವರೆ ಸೆಕೆಂಡು.

ಇದರಲ್ಲಿ ಉಸಿರೊಂದನ್ನು ಮುಂದಕ್ಕೆ ಎಳೆಯಬಹುದು. ಎದುರಿನವರ ಕೊನೆಗಿಂತ ಹಿಂದಿನ ಪದಕ್ಕೇ ಉಸಿರು ಒಳಗೆ ಬರಬೇಕು, ಕೊನೆಯ ಪದ ಮುಗಿದ ಕೂಡಲೇ ಮಾತು ಹೊರಡಬೇಕು. ಅಭ್ಯಾಸಕ್ಕೆ ಪ್ರತಿ ನಟ ತನ್ನ ಮಾತುಗಳ ಬದಲು ಎದುರಿನವರ ಮಾತಿನ ಕೊನೆಯ ಎರಡು ಪದಗಳನ್ನೇ ಚೀಟಿಯಲ್ಲಿ ಬರೆದುಕೊಳ್ಳುವುದು, ಮೊದಲನೆಯದಕ್ಕೆ ‘ಉಸಿರು’ ಎಂದು ಕೆಳಗೆರೆ ಎಳೆಯುವುದು. ಬಾಯಿಪಾಠಕ್ಕೂ ಈ ಚೀಟಿಯೇ ಒಳ್ಳೆಯದು. ತನ್ನ ಮಾತು ಬಾರದೆ ನಿಂತವರಿಗಿಂತ ತನ್ನ ಸರದಿ ಬಂದದ್ದೇ ತಿಳಿಯದೆ ನಿಂತವರು ಹೆಚ್ಚು.

ಎದುರಿನವರ ಕೊನೆಯ ಪದದ ಮೇಲೆ ಹತ್ತಬಾರದು. ಇಂಗ್ಲಿಷ್ ನಾಟಕ ನೋಡಿ ಬಂದವರು ಮಾತಿನ ಬಾಲ ತುಳಿಯುವುದನ್ನು ಸಹಜ ಅಭಿನಯ ಎಂದುಕೊಳ್ಳುತ್ತಾರೆ. ಕನ್ನಡದಲ್ಲಿ ಬಾಲ ತುಳಿದರೆ ಸತ್ತದ್ದು ಕ್ರಿಯಾಪದ.

ಸಂಜೆ ಓಟ 11:16.

ದಿನ 8, 9: ವಾಕ್ಯದ ಬಾಲ

ಇದು ಹಿಂದಿನ ದಿನದ ಕೆಲಸದಿಂದಲೇ ಹೊರಬಿದ್ದ ದೋಷ. ಬಿಡುವು ಕಡಿಮೆಯಾದ ಮೇಲೆ ಇಬ್ಬರೂ ವಾಕ್ಯದ ಕೊನೆಯಲ್ಲಿ ದನಿ ಇಳಿಸತೊಡಗಿದರು. ಕೋಣೆಯ ಕೊನೆಯಲ್ಲಿ ಕುಳಿತವರಿಗೆ ‘ನಾನು ಮಾರಾಕ ಒಪ್ಪಿಲ್ಲ’ ಎಂಬುದು ‘ನಾನು ಮಾರಾಕ ಒಪ್ಪಿ…’ ಎಂದು ಕೇಳಿತು. ಇಡೀ ನಾಟಕ ಆ ‘ಇಲ್ಲ’ದ ಮೇಲೆ ನಿಂತಿದೆ! ಇಲ್ಲ, ಅಲ್ಲ, ಬೇಡ, ಬಾರದು, ಎಲ್ಲ ನಿರಾಕರಣೆಯೂ ನಮ್ಮಲ್ಲಿ ವಾಕ್ಯದ ತುದಿಯಲ್ಲೇ ಇರುತ್ತದೆ, ಉಸಿರು ಮುಗಿಯುವುದೂ ಅಲ್ಲೇ.

ಸರಿಪಡಿಸಿದ ಬಗೆ: ಪಠ್ಯದಲ್ಲಿ ಪ್ರತಿ ಕೊನೆಯ ಪದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು. ಇಬ್ಬರೂ ಮಾಳಿಗೆಯ ಮೇಲೆ 40 ಅಡಿ ದೂರ ನಿಂತು ಆ ಸುತ್ತು ಹಾಕಿದ ಪದಗಳನ್ನು ಮಾತ್ರ ಹೇಳುವುದು: ‘ಅಂದಿದ್ದ’, ‘ಒಪ್ಪಿಲ್ಲ’, ‘ಬರಲ್ಲ’, ‘ಐತಿ’. ಕೂಗಬಾರದು, ಎದುರಿನವರಿಗೆ ಮುಟ್ಟಬೇಕು. ಆಮೇಲೆ ಪೂರ್ತಿ ವಾಕ್ಯ. ಉಸಿರು ಸಾಲದೆ ಹೋದಲ್ಲಿ ವಾಕ್ಯದ ನಡುವೆ, ‘ಅಂತ’ ಅಥವಾ ‘ಅಂದ್ರೆ’ ಆದಮೇಲೆ ಕದ್ದುಸಿರು.

ಒತ್ತಕ್ಷರದ್ದು ಇನ್ನೊಂದು ಪಾಡು. ಅವಸರಕ್ಕೆ ಮೊದಲು ಕರಗುವುದು ಅದೇ. ‘ಬೆಣ್ಣೆ’ ‘ಬೆಣೆ’ಯಾಗುತ್ತದೆ, ‘ಹತ್ತಿ’ಯ ಒತ್ತು ಹಾರಿ ಏನೂ ಅಲ್ಲದ್ದಾಗುತ್ತದೆ, ‘ಕತ್ತೆ’ ಕೂಡ ‘ಕತೆ’ಯಾಗುತ್ತದೆ. ದಾವಣಗೆರೆಯಲ್ಲಿ ಬೆಣ್ಣೆಯ ಒತ್ತು ನುಂಗಿದವರಿಗೆ ಕ್ಷಮೆ ಇಲ್ಲ. ಒತ್ತಕ್ಷರ ಇರುವ ಪದಗಳನ್ನಷ್ಟೇ ಆರಿಸಿ, ನಾಲಿಗೆ ಒಂದು ಕ್ಷಣ ನಿಲ್ಲುವಂತೆ, ನಿಧಾನ, ಮಧ್ಯಮ, ವೇಗ ಎಂದು ಮೂರು ಸುತ್ತು. ಹತ್ತು ನಿಮಿಷ ಸಾಕು, ಆದರೆ ದಿನಾ. ತಾಲೀಮಿನಲ್ಲಿ ಫ್ಯಾನು ಹಾಕಿಯೇ ಮಾಡಬೇಕು, ಪ್ರದರ್ಶನದ ದಿನ ಸಭೆಯಲ್ಲಿ ಯಾರೂ ಫ್ಯಾನು ಆರಿಸುವುದಿಲ್ಲ.

ದಿನ 10: ಕತ್ತರಿ

ಆರು ಮಾತು ತೆಗೆದದ್ದು. ಬಾಗಿಲು ಬಂದ ಮೇಲೆ ಯಾವ ಮಾತು ಅನಗತ್ಯ ಎಂಬುದು ತಾನಾಗಿ ಕಂಡಿತು. ‘ನೋಡು, ಬಾಗಿಲೆಲ್ಲ ಹೊಗೆ ಹಿಡಿದೈತಿ’ ಎನ್ನುವುದನ್ನು ಹೊಗೆಮಸಿ ಹೇಳುತ್ತಿದೆ. ‘ಕೀಲಿ ತುಕ್ಕು ಹಿಡಿದೈತಿ’ ಎನ್ನುವುದನ್ನು ಅಕ್ಕನ ಮಣಿಕಟ್ಟು ಹೇಳುತ್ತಿದೆ. ನಗೆ ತರುವ ಮಾತು ತೆಗೆಯಲು ಎಲ್ಲರಿಗೂ ಸಂಕಟ, ವಿವರಿಸುವ ಮಾತು ತೆಗೆಯಲು ಬರೆದವರಿಗೆ ಮಾತ್ರ ಸಂಕಟ. ಎರಡನೆಯದನ್ನೇ ತೆಗೆಯಬೇಕು. 88 ಮಾತು ಉಳಿದವು. ಓಟ 10:31.

ದಿನ 11: ಬೀಗ

3 ಅಂಗುಲದ ಹಳೇ ಕಬ್ಬಿಣದ ಬೀಗ, 4 ಅಂಗುಲದ ಕೀಲಿಕೈ. ಸಣ್ಣ ಕೀಲಿಕೈ ಐದನೇ ಸಾಲಿನಿಂದಾಚೆ ಕಾಣುವುದಿಲ್ಲ. ತುಕ್ಕು ಬಿಡಿಸಲು ಕೊಬ್ಬರಿ ಎಣ್ಣೆ ಬಿಟ್ಟದ್ದು ತಪ್ಪು, ಎರಡು ದಿನಕ್ಕೆ ಧೂಳು ಕೂಡಿ ಅಂಟಾಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಪೆನ್ಸಿಲ್ ಸೀಸದ ಪುಡಿ ಉದುರಿಸಿದ ಮೇಲೆ ಸಲೀಸು.

ಆದರೂ ವೇದಿಕೆಯ ಮೇಲೆ ಬೀಗವನ್ನು ನಂಬಬಾರದು. ತೆರೆಯಬಾರದ ಹೊತ್ತಲ್ಲಿ ತೆರೆದೀತು, ತೆರೆಯಬೇಕಾದಾಗ ಕೂತೀತು. ಅದಕ್ಕೆ ಬೀಗದ ಕೊಂಡಿಯಲ್ಲಿ ನಾಲಿಗೆ ಕಚ್ಚುವ ಗುಳಿಯನ್ನು ಅರದಿಂದ ಉಜ್ಜಿ ತೆಗೆದದ್ದಾಯಿತು, ಇನ್ನು ನಾಲಿಗೆ ಎಂದೂ ಕಚ್ಚುವುದಿಲ್ಲ. ಕೊಂಡಿಯ ತುದಿಗೆ ಸೈಕಲ್ ಟ್ಯೂಬಿನ ಸಣ್ಣ ಉಂಗುರ ತೊಡಿಸಿದರೆ ಬಿಗಿಯಾಗಿ ಕೂರುತ್ತದೆ, ಎಳೆದರೆ ಬರುತ್ತದೆ. ಕೀಲಿಕೈ ಒಳಗೆ ತಿರುಗುತ್ತದೆ, ಸದ್ದು ಬರುತ್ತದೆ, ಬೀಗ ‘ತೆರೆಯುವುದು’ ನಟಿಯ ಹೆಬ್ಬೆರಳು.

ಇದರಿಂದ ಅಭಿನಯಕ್ಕೊಂದು ಹೊಸ ಕೆಲಸ ಬಂತು. ನಿಜವಾಗಿ ಕೂತ ಬೀಗಕ್ಕೆ ಶಕ್ತಿ ಬೇಕು, ಭುಜದಿಂದ ಬೆರಳವರೆಗೆ ಬಿಗಿ ಬರುತ್ತದೆ. ಸಡಿಲ ಬೀಗದಲ್ಲಿ ಆ ಬಿಗಿಯನ್ನು ನಟಿ ತಾನೇ ತರಬೇಕು. ಗುಳಿ ಉಜ್ಜುವ ಮುಂಚೆ ಕೂತ ಬೀಗದ ಮೇಲೆ ಹತ್ತು ಸಲ ನಿಜವಾಗಿ ಹೆಣಗಿ, ಮೈ ಎಲ್ಲೆಲ್ಲಿ ಬಿಗಿಯುತ್ತದೆ ಎಂದು ನೋಡಿಟ್ಟುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು.

ದಿನ 12, 13: ಗೊಂಚಲು

70 ಸೆಕೆಂಡು ಮೌನವಾಗಿ ಕೀಲಿಕೈ ಹುಡುಕುವುದು ನಟಿಗೆ ತುಂಬಾ ಇಷ್ಟವಾಗಿದ್ದ ಜಾಗ. ಸಭೆಗೆ ಕಾಣುವುದು ಬೆನ್ನು. ಮೂರು ಬದಲಾವಣೆ: ಗೊಂಚಲಿನಲ್ಲಿ ಹನ್ನೆರಡರ ಬದಲು ಐದೇ ಕೈ, ಸರಿಯಾದದ್ದಕ್ಕೆ ಕೆಂಪು ಉಗುರುಬಣ್ಣದ ಚುಕ್ಕೆ. ಬೀಗದ ಚಿಲಕ ಬಾಗಿಲ ಬಲ ಅಂಚಿಗೆ ಬಂದು, ಅಕ್ಕ ಪಕ್ಕಕ್ಕೆ ನಿಂತು ಹುಡುಕುವಂತಾಯಿತು, ಅರ್ಧ ಮುಖ ಕಾಣುತ್ತದೆ. ಮೊದಲ ಮೂರು ಕೈಗಳನ್ನು ತಮ್ಮನ ಮಾತು ನಡೆಯುವಾಗಲೇ ಹಾಕಿ ನೋಡುವುದು, ನಾಲ್ಕನೆಯದಕ್ಕೆ ಮಾತ್ರ ಮೌನ. ಉಳಿದದ್ದು 25 ಸೆಕೆಂಡು ಮೌನ, ಮೊದಲಿನ 70ಕ್ಕಿಂತ ಉದ್ದವಾಗಿ ಕಾಣುವ ಮೌನ. ಓಟ 9:46.

ಬಾಗಿಲ ಮೊಳೆಯೊಂದಕ್ಕೆ ಸೀರೆಯ ಸೆರಗು ಸಿಕ್ಕಿದ್ದೂ ಇಲ್ಲೇ. ಮೊಳೆಯ ತುದಿ ಕೆಳಕ್ಕೆ ಬಗ್ಗಿಸಿ ಬಟ್ಟೆ ಟೇಪು ಸುತ್ತಿದ್ದಾಯಿತು.

ದಿನ 14: ಮಂಡಕ್ಕಿ

ತಮ್ಮ ಚೀಲದಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಳ್ಳುವುದು ಪಠ್ಯದಲ್ಲಿದೆ. ಬಾಯಲ್ಲಿ ಮಂಡಕ್ಕಿ ಇದ್ದಾಗ ಮಾತು ಹೊರಟರೆ ಅದರ ಪುಡಿ ಗಂಟಲಿಗೆ ಹೋಗಿ ಕೆಮ್ಮು. ಒಂದು ಹಿಡಿ ನುಂಗಲು 11 ಸೆಕೆಂಡು ಬೇಕು. ಅಕ್ಕನ ಉದ್ದದ ಮಾತು ಶುರುವಾಗುವಾಗ ಹಾಕಿಕೊಂಡರೆ ಮಾತ್ರ ನಡೆಯುತ್ತದೆ, ಅದೂ ಐದಾರು ಕಾಳು. ಮಂಡಕ್ಕಿ ಗಾಳಿಗೆ ಬಿಟ್ಟರೆ ತೇವ ಹೀರಿ ಮೆತ್ತಗಾಗುತ್ತದೆ, ಕುರುಕು ಸದ್ದು ಹೋಗುತ್ತದೆ. ವೇದಿಕೆ ಹತ್ತುವ ಮುಂಚೆ ಹೊಸ ಪೊಟ್ಟಣ ಒಡೆಯಬೇಕು. ಚೀಲದಲ್ಲಿ ಮೇಲಿನ ಎರಡಂಗುಲ ಮಾತ್ರ ನಿಜ, ಕೆಳಗೆ ಮುದುಡಿದ ಹಳೇ ಪತ್ರಿಕೆ, ನಡುವೆ ಬಟ್ಟೆ ಹೊಲಿದು ಮುಚ್ಚಿದ್ದು. ಚೀಲ ಉರುಳಿದರೂ ಚೆಲ್ಲುವುದು ಒಂದು ಬೊಗಸೆ.

ದಿನ 15: ಏರಿಳಿಕೆ

2 ನಿಮಿಷದಲ್ಲಿ ಅರ್ಧ ಹಿಂದಿನವರದ್ದು. ಬಾಗಿಲು ಏರಿಸಲು ಉಳಿಯುವುದು 60 ಸೆಕೆಂಡು. ಮೊದಲ ಯತ್ನ 3:40. ರೆಕ್ಕೆ ಮತ್ತು ತ್ರಿಕೋನಗಳಿಗೆ ಎಂಟು ನಟ್ಟು ಬೋಲ್ಟು ಇತ್ತು, ಕತ್ತಲಲ್ಲಿ ಒಂದು ಉರುಳಿ ಹೋಯಿತು. ಬೋಲ್ಟು ಪೂರ್ತಿ ಬಿಟ್ಟು, ಹಿಂಜಿನ ಮಧ್ಯದ ಕಡ್ಡಿ ಬಡಿದು ತೆಗೆದು, ಅದರ ಬದಲು ತೂತಿಗೆ ಹೊಂದುವ ಉದ್ದ ಮೊಳೆ. ಮೊಳೆಯ ತಲೆಗೆ ದಾರ ಕಟ್ಟಿ ಚೌಕಟ್ಟಿಗೇ ಗಂಟು, ಕಳೆಯುವುದಿಲ್ಲ. ಹಿಂಜಿನ ಎರಡು ಭಾಗ ಒಂದಕ್ಕೊಂದು ಕೂರಿಸಿ ಮೊಳೆ ಇಳಿಬಿಟ್ಟರೆ ಆಯಿತು: 1:35.

ಇನ್ನುಳಿದದ್ದು ಮನುಷ್ಯರ ಗೊಂದಲ. ನಾಲ್ಕು ಜನ, ಪ್ರತಿಯೊಬ್ಬರಿಗೂ ಎರಡೇ ಕೆಲಸ, ಒಂದೇ ದಾರಿ. ಅಕ್ಕ, ತಮ್ಮ ಚೌಕಟ್ಟು ತಂದು ತ್ರಿಕೋನ ಬಿಚ್ಚುತ್ತಾರೆ. ಮೂರನೆಯವರು ರೆಕ್ಕೆ ತಂದು ಕೆಳಗಿನ ಹಿಂಜು ಮೊದಲು ಕೂರಿಸುತ್ತಾರೆ. ಮೇಲಿನದು ಮೊದಲು ಕೂರಿಸಿದರೆ ಕೆಳಗಿನದು ಎಂದೂ ಸರಿಹೊಂದುವುದಿಲ್ಲ. ನಾಲ್ಕನೆಯವರು ಮರಳಿನ ಚೀಲ. ಮಾತಾಡುವಂತಿಲ್ಲ. 55 ಸೆಕೆಂಡು. ಇಳಿಸುವುದು 40. ಪ್ರತಿ ಸಂಜೆ ಐದು ಸಲ, ಕೊನೆಯ ಎರಡು ಸಲ ದೀಪ ಆರಿಸಿ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ವರ್ಷಕ್ಕೆ ಮೂರು ನಾಟಕ ಹೊತ್ತು ನಾಡು ಸುತ್ತುತ್ತದೆ. ಅಂಥ ತಂಡ ನಿಮ್ಮ ಊರಿಗೆ ಬಂದರೆ ನಾಟಕ ಮುಗಿದ ಮೇಲೂ ಅರ್ಧ ತಾಸು ಕೂತು ಅವರು ಸಾಮಾನು ಇಳಿಸುವುದನ್ನು ನೋಡಿ.

ದಿನ 16: ಮೊದಲ 20 ಸೆಕೆಂಡು

ಹಬ್ಬದ ಸಭೆ ಹಿಂದಿನ ನಾಟಕದ ಬಗ್ಗೆ ಪಿಸುಗುಟ್ಟುತ್ತಿರುತ್ತದೆ. ದೀಪ ಬಂದ ಮೇಲೂ ಮೊದಲ 20 ಸೆಕೆಂಡು ಅವರು ನಿಮ್ಮವರಲ್ಲ. ಪಠ್ಯದಲ್ಲಿ ಎರಡನೇ ಮಾತಿನಲ್ಲೇ ‘ಅಪ್ಪ ಸತ್ತು ಮೂರು ವರ್ಷ ಆತು’ ಎಂದಿತ್ತು, ಅದು ಯಾರಿಗೂ ಕೇಳಿಸದ ಜಾಗ. ಅದನ್ನು ಒಂಬತ್ತನೇ ಮಾತಿಗೆ ಸರಿಸಿದ್ದಾಯಿತು. 37 ಸೆಕೆಂಡಿನ ನಡಿಗೆ ಪ್ರವೇಶ ಪೂರ್ತಿ ರದ್ದು. ಕತ್ತಲಲ್ಲೇ ಬೀಗ ಅಲುಗಿಸುವ ಸದ್ದು, 7 ಸೆಕೆಂಡು, ದೀಪ ಬಂದಾಗ ಇಬ್ಬರೂ ಬಾಗಿಲ ಮುಂದೆ. 30 ಸೆಕೆಂಡು ಉಳಿಯಿತು: 9:16.

ಇದಕ್ಕಿಂತ ಇಳಿಸಬಾರದು. ಉಳಿದ 44 ಸೆಕೆಂಡು ಸಭೆಯ ಪಾಲು. ನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಮೆರೆದ ಈ ಸೀಮೆಯಲ್ಲಿ ಸಭೆ ಸುಮ್ಮನೆ ಕೂತು ನೋಡುವುದಿಲ್ಲ, ನಗುತ್ತದೆ, ಚಪ್ಪಾಳೆ ಹೊಡೆಯುತ್ತದೆ, ಪಾತ್ರಕ್ಕೆ ಉತ್ತರವನ್ನೂ ಕೊಡುತ್ತದೆ. ನಗು ಏರುವಾಗ ನಿಲ್ಲಬೇಕು, ಇಳಿಯತೊಡಗಿದಾಗ ಮಾತು ಶುರು, ಪೂರ್ತಿ ಆರುವವರೆಗೆ ಕಾಯಬಾರದು.

ದಿನ 17: ದೀಪ, ಸದ್ದು

ದೀಪ ಎರಡೇ ಸ್ಥಿತಿ: ಎಲ್ಲವೂ ಹತ್ತಿದ್ದು, ಎಲ್ಲವೂ ಆರಿದ್ದು. ಹಳೇ ಹ್ಯಾಲೊಜೆನ್ ದೀಪದ ತಂತಿ ತಣ್ಣಗಾಗುವವರೆಗೆ ಒಂದು ಕ್ಷಣ ಕೆಂಪು ಉಳಿಯುತ್ತದೆ, ಎಲ್‌ಇಡಿ ಕತ್ತರಿಸಿದಂತೆ ಆರುತ್ತದೆ. ಎಲ್‌ಇಡಿ ಇದ್ದರೆ ಕೊನೆಯ ಭಂಗಿಯಲ್ಲಿ ಸೆಕೆಂಡು ಹೆಚ್ಚು ನಿಲ್ಲಬೇಕು. ದೀಪ ಆರಿದ ಕೂಡಲೇ ನಟರಿಗೆ ಏನೂ ಕಾಣುವುದಿಲ್ಲ. ಹಿಂಜಿನ ಮೊಳೆಗಳ ಬಳಿ, ಕಾಲಿನ ತುದಿಗೆ ಹೆಬ್ಬೆರಳಗಲ ರೇಡಿಯಂ ಟೇಪು. ದೀಪದಡಿ ಇದ್ದರೆ ಮಾತ್ರ ಅದು ಕತ್ತಲಲ್ಲಿ ಹೊಳೆಯುತ್ತದೆ, ಸೈಡ್‌ವಿಂಗಿನಲ್ಲಿ ಮುಚ್ಚಿಟ್ಟಿದ್ದರೆ ಮೊಬೈಲ್ ಟಾರ್ಚ್ ಹಿಡಿದು ತಯಾರು ಮಾಡಬೇಕು.

ಸದ್ದು ಎರಡು: ದೂರದ ಮಂಡಕ್ಕಿ ಗಾಡಿಯ ಗಂಟೆ, ಕೊನೆಗೆ ಭಟ್ಟಿಯ ಉರಿ. ಬ್ಲೂಟೂತ್ ಬೇಡ, ಸದ್ದು ತಡವಾಗಿ ಬರುತ್ತದೆ. ತಂತಿ ಹಾಕಿ, ಮೊಬೈಲ್ ವಿಮಾನ ಸ್ಥಿತಿಯಲ್ಲಿಟ್ಟು, ಫೈಲಿನ ಮುಂದಿನ ಮೌನ ಕತ್ತರಿಸಿ, ಪೆನ್‌ಡ್ರೈವಿನಲ್ಲೂ ಒಂದು ಪ್ರತಿ. ಎಲ್ಲ ಕೂಡಿ ಓಟ 9:24.

ದಿನ 18: ಚಿತ್ರದುರ್ಗ

ಮಡಚಿದ ಚೌಕಟ್ಟು, ರೆಕ್ಕೆ, ಚೀಲಗಳು ಟಾಟಾ ಏಸ್‌ನಲ್ಲಿ. ಬಾಗಿಲನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು, ಮಲಗಿಸಿದರೆ ಯಾರಾದರೂ ಅದರ ಮೇಲೆ ಕೂರುತ್ತಾರೆ.

ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಸಾಮಾನು ತರಲೆಂದು ವೇದಿಕೆಯ ಹಿಂದಿನ ಷಟರ್ ತೆರೆದಿದ್ದರೆ ಗಾಳಿ ಬಾಗಿಲ ಬೆನ್ನಿಗೇ ಹೊಡೆಯುತ್ತದೆ. ಹಾಳೆ ಹೊಡೆದ ಈ ಅಳತೆಯ ಬಾಗಿಲಿಗೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಸುಮಾರು 10 ಕೆ.ಜಿ. ಭಾರದಷ್ಟು ತಳ್ಳುತ್ತದೆ, ಅದೂ ಸಭೆಯ ಕಡೆಗೆ. ಹಿಂದಿನ ಕಾಲುಗಳ ಮೇಲಿನ ಎರಡು 10 ಕೆ.ಜಿ. ಚೀಲ ಅದನ್ನು ತಡೆಯುವುದು ಕೂದಲೆಳೆಯಲ್ಲಿ. ಸಂದು ಬಿಟ್ಟ ಪಟ್ಟಿಗಳಿಂದ ಆ ತಳ್ಳು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿ ಎರಡೇ ಚೀಲ ಸಾಕಾದವು. ಆದರೂ ಎರಡು ಹೆಚ್ಚಿಗೆ ಹೋಗಿದ್ದವು, ಹಾಕಿದ್ದೂ ಆಯಿತು. ಸಂದಿನಿಂದ ಇನ್ನೊಂದು ಲಾಭ, ಕೊನೆಯಲ್ಲಿ ಬಾಗಿಲ ಹಿಂದಿನಿಂದ ಬಂದ ಬೆಳಕು ಅಕ್ಕನ ಮುಖದ ಮೇಲೆ ಗೆರೆಗೆರೆಯಾಗಿ ಬಿತ್ತು. ಅದನ್ನು ಯಾರೂ ಯೋಜಿಸಿರಲಿಲ್ಲ.

ಏರಿಸಿದ್ದು 58 ಸೆಕೆಂಡು. ನಾಟಕ 9:43, ನಗು ತಿಂದದ್ದು 19. ‘ಒಪ್ಪಿಲ್ಲ’ ಹಿಂದಿನ ಸಾಲಿಗೆ ಕೇಳಿಸಿತು. ಇಳಿಸಿದ್ದು 47, ಮೇಲಿನ ಹಿಂಜಿನ ಮೊಳೆ ಬಿಗಿದಿತ್ತು.

ಮರುಪ್ರದರ್ಶನಕ್ಕೆ ಮುಂಚೆ ಮಾಡಬೇಕಾದ ರಿಪೇರಿ: ಆ ಮೊಳೆ ಬಾಗಿದೆ, ಬದಲಿಸಬೇಕು, ಹೊಸದಕ್ಕೆ ಮೇಣ ಹಚ್ಚಬೇಕು. ಎಡ ತ್ರಿಕೋನದ ಒಳಮೂಲೆಯ ಪ್ಲೈವುಡ್ ತುಂಡು ಎದ್ದಿದೆ. ಬೀಗದ ರಬ್ಬರ್ ಉಂಗುರ ಸವೆದಿದೆ, ಹತ್ತು ಓಟಕ್ಕೊಂದು ಬೇಕಾಗುತ್ತದೆ, ಆರು ಕತ್ತರಿಸಿ ಗೊಂಚಲಿನ ಡಬ್ಬಿಯಲ್ಲಿ ಹಾಕಿಡುವುದು. ಕೆಂಪು ಚುಕ್ಕೆಯ ಕೀಲಿಕೈಯ ನಕಲು ಒಂದನ್ನು ಚೌಕಟ್ಟಿನ ಹಿಂದೆ ಟೇಪಿನಲ್ಲಿ ಅಂಟಿಸಿಡುವುದು.